ಗೋಡೆಗೆ ಹಿಡಿಯುವ ಉಪ್ಪು: ಕಾರಣ ಮತ್ತು ಪರಿಹಾರ

ಹಳೆಯ ಮಠ, ಶಾಲೆ, ಪ್ರಸಾದನಿಲಯಗಳ ಗೋಡೆಗಳಲ್ಲಿ ನೆಲದಿಂದ ಸೊಂಟದೆತ್ತರದವರೆಗೆ ತೇವದ ಕಲೆ ಮೂಡಿ, ಅದರ ಅಂಚಿನಲ್ಲಿ ಬಿಳಿಯ ಹಿಟ್ಟಿನಂತಹ ಪದಾರ್ಥ ಕಾಣಿಸಿಕೊಳ್ಳುವುದುಂಟು. ಉತ್ಸವ ಸಮೀಪಿಸಿದಾಗ ಸಿಮೆಂಟಿನ ತೇಪೆ ಹಾಕಿ ಬಣ್ಣ ಬಳಿದರೆ, ಕೆಲಕಾಲದಲ್ಲಿಯೇ ಆ ಕಲೆ ಮತ್ತಷ್ಟು ಮೇಲಕ್ಕೇರಿ ತಲೆದೋರುತ್ತದೆ. ಕಾರಣವನ್ನರಿಯದೆ ಮಾಡಿದ ವೆಚ್ಚ ವ್ಯರ್ಥವೇ ಸರಿ.

ಇಟ್ಟಿಗೆ, ಗಾರೆ, ಮೃದುವಾದ ಕಲ್ಲು ಇವುಗಳಲ್ಲಿ ಸೂಕ್ಷ್ಮ ರಂಧ್ರಗಳಿವೆ. ದೀಪದ ಬತ್ತಿ ಎಣ್ಣೆಯನ್ನು ಹೀರುವಂತೆ ಅವು ನೆಲದ ನೀರನ್ನು ಮೇಲಕ್ಕೆ ಹೀರುತ್ತವೆ. ಆ ನೀರಿನಲ್ಲಿ ಕ್ಲೋರೈಡ್, ಸಲ್ಫೇಟ್, ನೈಟ್ರೇಟ್ ಲವಣಗಳು ಕರಗಿರುತ್ತವೆ. ನೀರು ಆವಿಯಾದಾಗ ಲವಣ ಉಳಿದು ಹರಳುಗಟ್ಟುತ್ತದೆ. ಮೇಲ್ಮೈಯಲ್ಲಿ ಹರಳಾದರೆ ಅಂದ ಕೆಡುವುದಷ್ಟೇ. ರಂಧ್ರಗಳೊಳಗೆ ಹರಳಾದರೆ ಗೋಡೆಯೇ ಶಿಥಿಲವಾಗುತ್ತದೆ. ಸೋಡಿಯಂ ಸಲ್ಫೇಟ್ ನೀರನ್ನು ಕೂಡಿಸಿಕೊಂಡು ಹರಳಾಗುವಾಗ ಅದರ ಗಾತ್ರ ಸುಮಾರು ನಾಲ್ಕು ಪಟ್ಟಾಗುತ್ತದೆ.

ಸಿಂಧೂ ಕಣಿವೆಯ ಮೊಹೆಂಜೊದಾರೊ ಇದಕ್ಕೆ ನಿದರ್ಶನ. ಸಹಸ್ರಾರು ವರ್ಷ ಮಣ್ಣಿನಡಿಯಲ್ಲಿ ಉಳಿದ ಅಲ್ಲಿನ ಇಟ್ಟಿಗೆಗಳು, 1922ರಲ್ಲಿ ಉತ್ಖನನ ಆರಂಭವಾಗಿ ಗಾಳಿಬಿಸಿಲಿಗೆ ತೆರೆದುಕೊಂಡ ಮೇಲೆ, ಇಂತಹ ಲವಣಗಳಿಂದಲೇ ಪುಡಿಯಾಗತೊಡಗಿದವು.

ಸುಣ್ಣದ ಗಾರೆಯಿಂದ ಕಟ್ಟಿದ ಗೋಡೆಗೆ ಸಿಮೆಂಟಿನ ಗಿಲಾವು ಹಿತವಲ್ಲ. ಅದು ತೇವವನ್ನು ಸುಲಭವಾಗಿ ಹೊರಬಿಡದು. ಒಳಗೆ ತಡೆದ ನೀರು ಇನ್ನೂ ಮೇಲಕ್ಕೇರುತ್ತದೆ.

ಆದುದರಿಂದ ಮೊದಲು ನೀರಿನ ಮೂಲವನ್ನು ತಡೆಯತಕ್ಕದ್ದು. ಮಾಳಿಗೆಯ ಕೊಳವೆ ಸೋರುತ್ತಿದೆಯೇ, ಗೋಡೆಗೆ ತಾಗಿ ಹೂವಿನ ಪಾತಿ ಇದೆಯೇ, ಹೊರಗಿನ ನೆಲ ಒಳನೆಲಕ್ಕಿಂತ ಎತ್ತರವಾಗಿದೆಯೇ ಎಂದು ಪರೀಕ್ಷಿಸಬೇಕು. ಮಳೆನೀರು ಗೋಡೆಯಿಂದ ದೂರ ಹರಿಯುವಂತೆ ಇಳಿಜಾರು ಮಾಡಬೇಕು. ಬಳಿಕ ಕೆಟ್ಟ ಗಿಲಾವನ್ನು ಕಲೆಯಿಂದ ಒಂದೆರಡು ಅಡಿ ಮೇಲಿನವರೆಗೆ ಕೆತ್ತಿ ತೆಗೆದು ಗೋಡೆಯನ್ನು ಒಣಗಲು ಬಿಡಬೇಕು. ಅಂಗುಲ ದಪ್ಪಕ್ಕೆ ಒಂದು ತಿಂಗಳೆಂಬುದು ಸ್ಥೂಲವಾದ ಲೆಕ್ಕ; 18 ಅಂಗುಲದ ಗೋಡೆಗೆ ಒಂದೂವರೆ ವರ್ಷ ಹಿಡಿದೀತು. ಹೊರಬಂದ ಉಪ್ಪನ್ನು ಒಣ ಕುಂಚದಿಂದ ಉಜ್ಜಿ ದೂರ ಸಾಗಿಸಬೇಕು. ನೀರಿನಿಂದ ತೊಳೆದರೆ ಅದು ಕರಗಿ ಪುನಃ ಗೋಡೆಯನ್ನೇ ಸೇರುತ್ತದೆ. ಕೊನೆಗೆ ಸುಣ್ಣದ ಗಾರೆಯ ಗಿಲಾವು ಮಾಡಿ ಸುಣ್ಣ ಬಳಿಯಬೇಕು. ಉಳಿದ ಲವಣದ ಪೆಟ್ಟನ್ನು ಗಿಲಾವು ತಾನು ತಿಂದು ಗೋಡೆಯನ್ನು ಉಳಿಸುತ್ತದೆ.

ಹೊಸ ಕಟ್ಟಡವಾದರೆ ಹೊರನೆಲಕ್ಕಿಂತ ಕನಿಷ್ಠ 15 ಸೆಂಟಿಮೀಟರ್ ಎತ್ತರದಲ್ಲಿ ತೇವತಡೆಯ ಪದರವನ್ನು ಹಾಸಿಯೇ ಗೋಡೆ ಏರಿಸತಕ್ಕದ್ದು.

ದಾಸೋಹಭಾವದಿಂದ ಬಂದ ಹಣ ಬಣ್ಣಕ್ಕಿಂತ ಮೊದಲು ಚರಂಡಿಗೆ ಸಲ್ಲಲಿ. ಚರಂಡಿಗೆ ದಾನಿಗಳ ಹೆಸರಿನ ಫಲಕ ಹಾಕುವ ರೂಢಿಯಿಲ್ಲ. ಆದರೆ ಹಿರಿಯರು ಕಟ್ಟಿಸಿದ ಗೋಡೆ ಮುಂದಿನ ಪೀಳಿಗೆಯ ಮಕ್ಕಳಿಗೆ ಉಳಿಯುವುದು ಅದರಿಂದಲೇ.