ಹಾಂ, ಅಲ್ಲೇ!: ಸೂಜಿ ಹಿಡಿದ ಕೈಗೆ ದಕ್ಕಿದ ಒಂಬತ್ತು ಪಾಠಗಳು

ಬೆಂಗಳೂರಿನ ವಿಜಯನಗರದ ಒಂದು ಅಡ್ಡರಸ್ತೆಯಲ್ಲಿ, ಮೂರು ಮಂಚ ಹಿಡಿಯುವಷ್ಟು ಜಾಗದಲ್ಲಿ ನಾನು ಅಕ್ಯುಪಂಕ್ಚರ್ ಚಿಕಿತ್ಸೆ ಕೊಡುತ್ತಾ ಹದಿನೈದು ವರ್ಷಗಳಾದವು. ರಾಜಾಜಿನಗರದಲ್ಲಿ ಲೇತ್ ಮುಂದೆ ದಿನವಿಡೀ ನಿಲ್ಲುವವರು, ಮೈಸೂರು ರಸ್ತೆಯ ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ಬಸವೇಶ್ವರನಗರದ ನಿವೃತ್ತ ಮೇಷ್ಟ್ರುಗಳು ಬರುತ್ತಾರೆ. 2021ರ ಆಗಸ್ಟ್‌ನಲ್ಲಿ ಮೆಟ್ರೊ ನೇರಳೆ ಮಾರ್ಗ ಕೆಂಗೇರಿ ಮುಟ್ಟಿದ ಮೇಲೆ ಆ ಕಡೆಯ ಅಜ್ಜಿಯರೂ ಬರತೊಡಗಿದರು. ಬಹುಪಾಲು ಜನ ಮಾತ್ರೆ, ಮುಲಾಮು, ಸೊಂಟದ ಬೆಲ್ಟು ಎಲ್ಲ ಮುಗಿಸಿ ಕೊನೆಗೆ ಇಲ್ಲಿಗೆ ಬಂದವರು. ಅವರ ಮೈ ನನಗೆ ಕಲಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

1. ಬೆರಳು ಮೊದಲು, ಸೂಜಿ ಆಮೇಲೆ

ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ 361 ಬಿಂದುಗಳಿವೆ. ಓದುವಾಗ ಅಷ್ಟನ್ನೂ ಬಾಯಿಪಾಠ ಮಾಡಿದ್ದೆ. ಆದರೆ ಪಟ್ಟಿಯಲ್ಲಿ ಇಲ್ಲದ ಒಂದು ಬಗೆಯ ಬಿಂದು ಉಂಟು, ಅದರ ಹೆಸರು ‘ಅಶಿ’. ಅದನ್ನು ಏಳನೆಯ ಶತಮಾನದ ಚೀನೀ ವೈದ್ಯ ಸುನ್ ಸಿಮಿಯಾವೊ ಹೆಸರಿನೊಂದಿಗೆ ಸೇರಿಸಿ ಹೇಳುತ್ತಾರೆ. ಅಶಿ ಎಂದರೆ ಹೆಚ್ಚುಕಡಿಮೆ ‘ಹಾಂ, ಹೌದು’ ಎಂದು ಅರ್ಥ. ಹೆಬ್ಬೆರಳಿನಿಂದ ಮೆಲ್ಲಗೆ ಒತ್ತುತ್ತಾ ಹೋದರೆ ಒಂದು ಜಾಗದಲ್ಲಿ ರೋಗಿ ತಾನಾಗಿಯೇ ಉದ್ಗರಿಸುತ್ತಾರೆ. ನಮ್ಮಲ್ಲಿ ಆ ಮಾತು, “ಹಾಂ, ಅಲ್ಲೇ! ಅಲ್ಲೇ ಮೇಡಂ!” ಸಾವಿರದ ಮುನ್ನೂರು ವರ್ಷ ಹಳೆಯ ಆ ಹೆಸರು ವಿಜಯನಗರದ ಮಂಚದ ಮೇಲೆ ಕನ್ನಡದಲ್ಲಿ ಕೇಳಿಸುವಾಗ ಈಗಲೂ ನನಗೆ ಮೈ ಜುಮ್ಮೆನ್ನುತ್ತದೆ. ಆ ಮಾತು ಬರುವವರೆಗೆ ನಾನು ಸೂಜಿಯ ಪೊಟ್ಟಣ ಹರಿಯುವುದಿಲ್ಲ.

2. ಅಳತೆ ರೋಗಿಯ ಬೆರಳಿನದು

ಹೂ ಮಾರುವಾಕೆ ಮಾಲೆಯನ್ನು ತನ್ನ ಮೊಳಕೈಯಲ್ಲಿ ಅಳೆದು ಕೊಡುತ್ತಾಳೆ. ನಮ್ಮ ಅಳತೆ ಹಾಗಲ್ಲ. ಇಲ್ಲಿ ‘ಛುನ್’ ಎಂಬ ಮಾನವಿದೆ. ರೋಗಿಯ ಹೆಬ್ಬೆರಳ ಅಗಲ ಒಂದು ಛುನ್, ಜೋಡಿಸಿದ ನಾಲ್ಕು ಬೆರಳಿನ ಅಗಲ ಮೂರು ಛುನ್. ಆಯುರ್ವೇದವೂ ರೋಗಿಯ ಅಂಗುಲವನ್ನೇ ಅಳತೆಗೆ ಹಿಡಿಯುತ್ತದೆ. ಮಂಡಿಚಿಪ್ಪಿನ ಕೆಳಗೆ ನಾಲ್ಕು ಬೆರಳು, ಮೊಣಕಾಲ ಕೆಳಗಿನ ಮೂಳೆಯ ಅಂಚಿನಿಂದ ಹೊರಕ್ಕೆ ಒಂದು ಬೆರಳು ಸರಿದರೆ ‘ಝುಸಾನ್‌ಲಿ’ ಸಿಗುತ್ತದೆ. ‘ಕಾಲಿನ ಮೂರು ಲೀ’ ಎಂದು ಅದರ ಅರ್ಥ, ಲೀ ಎನ್ನುವುದು ಚೀನೀಯರ ದೂರದ ಅಳತೆ. ದಣಿದ ದಾರಿಹೋಕ ಇದನ್ನು ಒತ್ತಿಕೊಂಡು ಇನ್ನೂ ಮೂರು ಲೀ ದೂರ ನಡೆಯುತ್ತಿದ್ದನಂತೆ. ಆರಡಿ ಎತ್ತರದ ಬಸ್ ಡ್ರೈವರ್ ಕಾಲಿನಲ್ಲೂ ಪುಟ್ಟ ಕಾಯದ ಅಜ್ಜಿಯ ಕಾಲಿನಲ್ಲೂ ಅದು ನನ್ನ ಬೆರಳಿನ ಲೆಕ್ಕಕ್ಕೆ ಸಿಗುವುದಿಲ್ಲ. ಅವರ ಕೈಯನ್ನೇ ಹಿಡಿದು ಅವರ ಕಾಲಿನ ಮೇಲಿಟ್ಟು ಅಳೆಯುತ್ತೇನೆ.

3. ಮೊದಲ ಪ್ರಶ್ನೆ: “ತಿಂಡಿ ಆಯ್ತಾ?”

ಕೆಲಸ ಶುರು ಮಾಡಿದ ಮೊದಲ ವರ್ಷ, ಒಂದು ಶನಿವಾರ. ಕುತ್ತಿಗೆ ನೋವೆಂದು ಬಂದ ಹೆಣ್ಣುಮಗಳನ್ನು ಕುರ್ಚಿಯಲ್ಲೇ ಕೂರಿಸಿ ನಾಲ್ಕು ಸೂಜಿ ಹಾಕಿದೆ. ಎರಡು ನಿಮಿಷದಲ್ಲಿ ಆಕೆಯ ತುಟಿ ಬಿಳುಪಾಯಿತು, ಹಣೆಯಲ್ಲಿ ಬೆವರೊಡೆಯಿತು, ಕಣ್ಣು ಮೇಲಕ್ಕೆ ಹೋಯಿತು. ತಕ್ಷಣ ಸೂಜಿಗಳನ್ನೆಲ್ಲ ತೆಗೆದು, ಮಲಗಿಸಿ, ಕಾಲು ಎತ್ತರಕ್ಕೆ ಇಟ್ಟೆ. ಎಚ್ಚರಾದ ಮೇಲೆ ಸಕ್ಕರೆ ನೀರು ಕುಡಿದು ಆಕೆ ಹೇಳಿದರು, “ಇವತ್ತು ಶನಿವಾರ ಅಲ್ವಾ ಮೇಡಂ, ಒಪ್ಪತ್ತು.” ತಪ್ಪು ನನ್ನದು, ನಾನು ಕೇಳಿರಲಿಲ್ಲ. ಹಸಿದ ಹೊಟ್ಟೆ, ದಣಿವು, ಹೆದರಿಕೆ ಈ ಮೂರರಲ್ಲಿ ಒಂದಿದ್ದರೂ ಸೂಜಿಗೆ ತಲೆ ಸುತ್ತಬಹುದು. ಅಂದಿನಿಂದ ಹೊಸಬರನ್ನು ಮಲಗಿಸಿಯೇ ಚಿಕಿತ್ಸೆ ಮಾಡುತ್ತೇನೆ. ಉಪವಾಸದವರನ್ನು ಮಾರನೆಯ ದಿನ ಬರಹೇಳುತ್ತೇನೆ.

4. ಎಣಿಸಿ ಹಾಕು, ಎಣಿಸಿ ತೆಗೆ

ನಾನು ಬಳಸುವ ಸೂಜಿ ಕಾಲು ಮಿಲಿಮೀಟರ್ ದಪ್ಪ. ಇಂಜೆಕ್ಷನ್ ಸೂಜಿಯಂತೆ ಒಳಗೆ ಟೊಳ್ಳಿಲ್ಲ. ಒಳಹೊಕ್ಕಾಗ ಇರುವೆ ಕಚ್ಚಿದಷ್ಟೇ ನೋವು. ಆಮೇಲೆ ಭಾರವೋ, ಜುಮ್ಮೆನ್ನುವುದೋ, ಮೆಲ್ಲಗೆ ಎಳೆದಂತೆಯೋ ಒಂದು ಅನುಭವ ಬರುತ್ತದೆ. ಚೀನೀಯರು ಅದನ್ನು ‘ದೆ ಛೀ’ ಎನ್ನುತ್ತಾರೆ, ಛೀ ಎಂದರೆ ನಾವು ಪ್ರಾಣ ಎನ್ನುವಂಥದ್ದು. ಇಷ್ಟು ತೆಳ್ಳಗಿನ ಸೂಜಿ ಕೂದಲಿನ ನಡುವೆ, ಸೀರೆಯ ಮಡಿಕೆಯಲ್ಲಿ ಕಣ್ಣಿಗೆ ಕಾಣುವುದಿಲ್ಲ. ಅದಕ್ಕೇ ಹಾಕುವಾಗ ರೋಗಿಗೆ ಕೇಳುವಂತೆ ಎಣಿಸುತ್ತೇನೆ, ತೆಗೆಯುವಾಗ ಅವರೂ ನನ್ನ ಜೊತೆ ಎಣಿಸುತ್ತಾರೆ. ಹನ್ನೆರಡು ಹೋದದ್ದು ಹನ್ನೆರಡೂ ಬರಬೇಕು. ಒಬ್ಬರಿಗೆ ಒಮ್ಮೆ ಬಳಸಿದ್ದು ಇನ್ನೊಮ್ಮೆ ಬಳಸುವಂತಿಲ್ಲ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ ಅದು ಚುಚ್ಚಿ ಹೊರಬರಲಾಗದ ಬಿಳಿ ಡಬ್ಬಿಗೆ ಹೋಗಬೇಕು. ಆ ಡಬ್ಬಿಯನ್ನು ರೋಗಿಗೆ ಕಾಣುವ ಜಾಗದಲ್ಲೇ ಇಟ್ಟಿದ್ದೇನೆ. ಹೊಸ ಪೊಟ್ಟಣವನ್ನು ನಿಮ್ಮ ಕಣ್ಣೆದುರೇ ಹರಿಯದವರ ಹತ್ತಿರ ಚಿಕಿತ್ಸೆ ತೆಗೆದುಕೊಳ್ಳಬೇಡಿ.

5. ಎಲ್ಲಿ ಚುಚ್ಚಬಾರದು ಎನ್ನುವುದೇ ಅರ್ಧ ವಿದ್ಯೆ

ಹೆಬ್ಬೆರಳು ತೋರುಬೆರಳಿನ ನಡುವಿನ ‘ಹೆಗು’ ತಲೆನೋವಿಗೆ ಪ್ರಸಿದ್ಧ ಬಿಂದು. ಅದನ್ನೂ ಕಣಕಾಲಿನ ಮೇಲಿನ ‘ಸಾನ್‌ಯಿನ್‌ಜಿಯಾವೊ’ವನ್ನೂ ಗರ್ಭಿಣಿಯರಿಗೆ ಮುಟ್ಟಬಾರದೆಂದು ಪರಂಪರೆಯೇ ಹೇಳುತ್ತದೆ. ಹೆಗಲಿನ ಮೇಲ್ಭಾಗದ ಕೆಳಗೆ ಶ್ವಾಸಕೋಶದ ತುದಿ ಇದೆ. ಅಲ್ಲಿ ನೇರವಾಗಿ ಆಳಕ್ಕೆ ಹೋದರೆ ಎದೆಗೂಡಿನಲ್ಲಿ ಗಾಳಿ ತುಂಬಿ ಪ್ರಾಣಕ್ಕೇ ಕುತ್ತು. ರಕ್ತ ತೆಳುವಾಗಲು ಮಾತ್ರೆ ತೆಗೆದುಕೊಳ್ಳುವವರಿಗೆ ವಿಶೇಷ ಎಚ್ಚರ ಬೇಕು. ಪೇಸ್‌ಮೇಕರ್ ಇರುವವರಿಗೆ ಸೂಜಿಯ ಮೂಲಕ ಮೆಲ್ಲಗೆ ವಿದ್ಯುತ್ ಹಾಯಿಸುವ ಚಿಕಿತ್ಸೆಯನ್ನು ನಾನು ಕೊಡುವುದಿಲ್ಲ.

ಒಮ್ಮೆ ಐವತ್ತು ದಾಟಿದ ಆಟೊ ಚಾಲಕರೊಬ್ಬರು ಎಡ ಹೆಗಲು ಹಿಡಿದುಕೊಂಡಿದೆ ಎಂದು ಬಂದರು. ಎಲ್ಲಿ ಒತ್ತಿದರೂ “ಅಲ್ಲೇ” ಎನ್ನಲಿಲ್ಲ. ಮೆಟ್ಟಿಲು ಹತ್ತಿದರೆ ನೋವು ಹೆಚ್ಚುತ್ತದೆ, ನಿಂತರೆ ಇಳಿಯುತ್ತದೆ ಎಂದರು. ಒಂದು ಸೂಜಿಯನ್ನೂ ಹಾಕದೆ ಆ ಕ್ಷಣವೇ ಇಸಿಜಿಗೆ ಕಳಿಸಿದೆ. ತೊಂದರೆ ಹೃದಯದಲ್ಲಿತ್ತು. ನನ್ನ ಹದಿನೈದು ವರ್ಷಗಳ ಒಳ್ಳೆಯ ಚಿಕಿತ್ಸೆಗಳಲ್ಲಿ ಆ ದಿನದ್ದನ್ನೂ ಸೇರಿಸಿಕೊಳ್ಳುತ್ತೇನೆ.

6. ಮಾತ್ರೆ ಬಿಡಿಸುವುದು ನನ್ನ ಕೆಲಸವಲ್ಲ

“ಸೂಜಿ ಹಾಕಿಸ್ಕೊಂಡ್ರೆ ಶುಗರ್ ಮಾತ್ರೆ ಬಿಡಬಹುದಾ?” ಎಂದು ವಾರಕ್ಕೊಬ್ಬರಾದರೂ ಕೇಳುತ್ತಾರೆ. ಬೇಡ. ಶುಗರ್, ಬಿಪಿ, ಥೈರಾಯ್ಡ್, ಫಿಟ್ಸ್ ಮಾತ್ರೆಗಳನ್ನು ಕೊಟ್ಟ ವೈದ್ಯರೇ ನೋಡಿ ಕಡಿಮೆ ಮಾಡಬೇಕು. ಜ್ವರ, ಗೆಡ್ಡೆ, ಕಾರಣವಿಲ್ಲದೆ ತೂಕ ಇಳಿಯುವುದು, ಕಾಲಿಗೆ ಬಲ ತಪ್ಪುವುದು, ಮೂತ್ರದ ಹತೋಟಿ ಹೋಗುವುದು ಇವಕ್ಕೆಲ್ಲ ಮೊದಲು ಆಸ್ಪತ್ರೆಗೆ ಹೋಗಬೇಕು.

7. ಬಂದ ದಾರಿ ನೆನಪಿರಲಿ

1938ರಲ್ಲಿ ಜಪಾನ್ ದಾಳಿಗೆ ಸಿಕ್ಕಿದ ಚೀನಾಕ್ಕೆ ಭಾರತದಿಂದ ಐವರು ವೈದ್ಯರು ಹೋದರು. ಅವರಲ್ಲೊಬ್ಬರು ದ್ವಾರಕಾನಾಥ ಕೋಟ್ನೀಸ್. ಕನ್ನಡ ಮಾತು ಇಂದಿಗೂ ಕೇಳುವ ಗಡಿಯೂರು ಸೊಲ್ಲಾಪುರ ಅವರ ಹುಟ್ಟೂರು. ಗಾಯಾಳುಗಳ ಸೇವೆ ಮಾಡುತ್ತಲೇ 1942ರ ಡಿಸೆಂಬರ್‌ನಲ್ಲಿ, 32ನೆಯ ವಯಸ್ಸಿಗೆ ಅವರು ಅಲ್ಲೇ ತೀರಿಕೊಂಡರು. ಅದೇ ತಂಡದಲ್ಲಿದ್ದ ಬಿಜಯ್ ಕುಮಾರ್ ಬಸು ಮುಂದೆ ಮತ್ತೆ ಚೀನಾಕ್ಕೆ ಹೋಗಿ ಈ ವಿದ್ಯೆ ಕಲಿತು, 1959ರಲ್ಲಿ ಕೋಲ್ಕತ್ತಾದಲ್ಲಿ ಚಿಕಿತ್ಸೆ ಆರಂಭಿಸಿದರು. ಹೆಸರು ಮಾಡಿದ ವೈದ್ಯ ನಡುವಯಸ್ಸಿನಲ್ಲಿ ಮತ್ತೆ ವಿದ್ಯಾರ್ಥಿಯಾಗಿ ಕುಳಿತದ್ದರಿಂದ ನಮಗೆ ಈ ಸೂಜಿ ಸಿಕ್ಕಿತು.

ಕರ್ನಾಟಕದಲ್ಲಿ ಇದನ್ನು ಕ್ರಮವಾಗಿ ಕಲಿಯುವ ಒಂದು ದಾರಿ ಪ್ರಕೃತಿ ಚಿಕಿತ್ಸೆಯ ಬಿಎನ್‌ವೈಎಸ್ ಪದವಿ. 1989ರಲ್ಲಿ ಉಜಿರೆಯ ಎಸ್‌ಡಿಎಂ ಕಾಲೇಜು ಅದಕ್ಕೆ ನಾಂದಿ ಹಾಡಿತು, ನಾನೂ ಆ ಪದವಿ ಓದಿದವಳೇ. 2019ರ ಫೆಬ್ರವರಿಯಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಅಕ್ಯುಪಂಕ್ಚರ್‌ಗೆ ಮಾನ್ಯತೆ ನೀಡಿತು. ಮಾನ್ಯತೆ ಬಂದಾಗ ಹೊಣೆಯೂ ಬರುತ್ತದೆ. ಎರಡು ದಿನದ ಶಿಬಿರ ಮುಗಿಸಿ ಇನ್ನೊಬ್ಬರ ಮೈಗೆ ಸೂಜಿ ಇಳಿಸಬಾರದು. “ಎಲ್ಲಿ ಓದಿದ್ದೀರಿ, ನೋಂದಣಿ ಇದೆಯೇ?” ಎಂದು ಕೇಳುವುದು ರೋಗಿಯ ಹಕ್ಕು.

8. ಸಂಶೋಧನೆಯನ್ನು ಪೂರ್ತಿ ಓದು

1997ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ತಜ್ಞರು ಶಸ್ತ್ರಚಿಕಿತ್ಸೆ ಮತ್ತು ಕೀಮೊಥೆರಪಿ ನಂತರದ ವಾಕರಿಕೆಗೆ, ಹಲ್ಲಿನ ಶಸ್ತ್ರಚಿಕಿತ್ಸೆಯ ನೋವಿಗೆ ಅಕ್ಯುಪಂಕ್ಚರ್ ಉಪಯುಕ್ತ ಎಂದರು. ಇದನ್ನು ನಮ್ಮವರು ಹೆಮ್ಮೆಯಿಂದ ಹೇಳುತ್ತಾರೆ. ಜರ್ಮನಿಯಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನವನ್ನೂ ಅಷ್ಟೇ ನೇರವಾಗಿ ಹೇಳಬೇಕು. ಹಳೆಯ ಸೊಂಟ ನೋವಿನ 1,162 ಜನರನ್ನು ಮೂರು ಗುಂಪು ಮಾಡಿದರು. ಆರು ತಿಂಗಳ ನಂತರ ಸರಿಯಾದ ಬಿಂದುಗಳಿಗೆ ಸೂಜಿ ಹಾಕಿಸಿಕೊಂಡವರಲ್ಲಿ ಶೇ. 47.6 ಜನರಿಗೆ ಗುಣ ಕಂಡಿತ್ತು. ಮಾತ್ರೆ, ವ್ಯಾಯಾಮಗಳ ರೂಢಿಯ ಚಿಕಿತ್ಸೆಯಲ್ಲಿ ಶೇ. 27.4. ಆದರೆ ಬಿಂದುವೇ ಅಲ್ಲದ ಜಾಗದಲ್ಲಿ ಮೇಲಮೇಲೆ ಚುಚ್ಚಿಸಿಕೊಂಡವರಲ್ಲೂ ಶೇ. 44.2 ಜನರಿಗೆ ಗುಣ ಕಂಡಿತ್ತು!

ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬಾಯಿಪಾಠ ಮಾಡಿದ 361 ಬಿಂದುಗಳ ಗತಿಯೇನು? ವರ್ಷಗಳು ಕಳೆದ ಮೇಲೆ ನನಗೆ ಸಿಕ್ಕ ಉತ್ತರ ಇದು: ಸೂಜಿಯೊಂದೇ ಚಿಕಿತ್ಸೆಯಲ್ಲ. ಅರ್ಧ ಗಂಟೆ ಅಲ್ಲಾಡದೆ ಮಲಗುವುದು, ನೋವಿನ ಜಾಗವನ್ನು ಒಬ್ಬರು ಅವಸರವಿಲ್ಲದೆ ಮುಟ್ಟಿ ಹುಡುಕುವುದು, ಹೇಳಿದ್ದನ್ನು ಪೂರ್ತಿ ಕೇಳಿಸಿಕೊಳ್ಳುವುದು ಎಲ್ಲವೂ ಅದರೊಳಗಿವೆ. ಆದ್ದರಿಂದ ನಾನು ಯಾರಿಗೂ ‘ಗ್ಯಾರಂಟಿ ಗುಣ’ ಎನ್ನುವುದಿಲ್ಲ. ಆರು ಸಲ ಬಂದರೂ ಏನೂ ಬದಲಾಗದಿದ್ದರೆ ನಿಲ್ಲಿಸಿ ಎಂದು ನಾನೇ ಹೇಳುತ್ತೇನೆ. ಮುಂಗಡ ಹಣ ಪಡೆಯುವುದಿಲ್ಲ.

9. ನೋವಿನ ಬೇರು ಕುರ್ಚಿಯ ಕೆಳಗಿರುತ್ತದೆ

ಮೈಸೂರು ರಸ್ತೆಯ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುವ ಹೆಣ್ಣುಮಗಳೊಬ್ಬರು ಕುತ್ತಿಗೆ ನೋವಿಗೆಂದು ಭಾನುವಾರ ಮಾತ್ರ ಬರುತ್ತಿದ್ದರು. ಬೇರೆ ದಿನ ಬಂದರೆ ಕೂಲಿ ಹೋಗುತ್ತದೆ. ಸೂಜಿ ಹಾಕಿದ ಮೇಲೆ ಬುಧವಾರದವರೆಗೆ ಹಗುರ, ಗುರುವಾರ ಮತ್ತೆ ಅದೇ ನೋವು. ನಾಲ್ಕನೆಯ ವಾರ ನಾನು ಒಂದು ಸ್ಟೂಲ್ ಕೊಟ್ಟು, “ಹೇಗೆ ಕೂತು ಹೊಲೀತೀರಿ, ತೋರಿಸಮ್ಮ” ಎಂದೆ. ಕೂತರು. ಗಲ್ಲ ಎದೆಗೆ ತಾಗುವಷ್ಟು ಬಗ್ಗಿತ್ತು, ಹೆಗಲು ಕಿವಿಗೆ ಏರಿತ್ತು. ಆಸನ ತಗ್ಗಾಗಿತ್ತು. ಮಡಿಸಿದ ಬೆಡ್‌ಶೀಟ್ ಹಾಕಿ ಕೂರಲು, ಪ್ರತಿ ಬಂಡಲ್ ಮುಗಿದಾಗ ಹೆಗಲನ್ನು ಐದು ಸಲ ತಿರುಗಿಸಲು ಹೇಳಿಕೊಟ್ಟೆ. ಸೂಜಿಯನ್ನೂ ಮುಂದುವರಿಸಿದೆ.

ಎರಡು ತಿಂಗಳ ನಂತರದ ಭಾನುವಾರ. ಎಂದಿನಂತೆ ಕುತ್ತಿಗೆಯ ಬಲಬದಿಯಲ್ಲಿ ಹೆಬ್ಬೆರಳು ಒತ್ತುತ್ತಾ ಇಳಿದೆ. ಆಕೆಯಿಂದ ಮಾತಿಲ್ಲ. ಇನ್ನಷ್ಟು ಕೆಳಗೆ, ಹೆಗಲ ಅಂಚಿಗೆ ಬಂದೆ. ಆಗಲೂ ಇಲ್ಲ. ಕೊನೆಗೆ ಆಕೆಯೇ ಕೈ ಹಿಂದೆ ತಂದು ತಡಕಾಡಿ ಹೇಳಿದರು, “ಎಲ್ಲಿತ್ತು ಅಂತಾನೇ ಗೊತ್ತಾಗ್ತಿಲ್ಲ ಮೇಡಂ.”

ಆ ದಿನ ಸೂಜಿಯ ಪೊಟ್ಟಣ ಹರಿಯಲಿಲ್ಲ.