ಬಿಸಿಲಿನ ಕಾವಲ್ಲ, ಬೆಳಕೇ ಕರೆಂಟು



ಮಾರ್ಚ್ ತಿಂಗಳ ಒಂದು ರಾತ್ರಿ ಅತನೂರಿನಲ್ಲಿ ಎಮ್ಮೆಯೊಂದು ಈಯಲಾರದೆ ಒದ್ದಾಡುತ್ತಿತ್ತು. ಒಳಗೆ ಕರುವಿನ ಮುಂಗಾಲು ಮಡಚಿಕೊಂಡಿತ್ತು. ಕರೆಂಟು ಇರಲಿಲ್ಲ, ಕೊಟ್ಟಿಗೆಯ ಸೋಲಾರ್ ದೀಪವೂ ನಡುವೆಯೇ ಆರಿತು. ಮೊಬೈಲ್ ಬೆಳಕಿನಲ್ಲಿ ಕಾಲು ನೇರ ಮಾಡಿ ಕರುವನ್ನು ಹೊರತೆಗೆದೆವು. ಎರಡೂ ಜೀವ ಉಳಿದವು.

"ಇಷ್ಟು ಸುಡೋ ಬಿಸಿಲು ಅದ್ರಿ ಡಾಕ್ಟರ್ರೇ, ಮತ್ಯಾಕ ದೀಪ ಆರ್ತದ?" ಎಂದು ಮನೆಯಾಕೆ ಕೇಳಿದರು. ಬೆಳಿಗ್ಗೆ ಮಾಳಿಗೆ ಹತ್ತಿ ನೋಡಿದರೆ ಪ್ಲೇಟಿನ ತುಂಬ ಜೋಳದ ರಾಶಿಯ ಧೂಳು, ಒಂದು ಮೂಲೆಗೆ ಬೇವಿನ ಮರದ ನೆರಳು.

ಕರೆಂಟು ಹುಟ್ಟುವುದು ಹೇಗೆ?

ಪ್ಲೇಟಿನಲ್ಲಿ ಕಾಣುವ ಒಂದೊಂದು ಚೌಕವೂ ಒಂದು ಸೆಲ್. ಅದು ಮರಳಿನಲ್ಲೂ ಇರುವ ಸಿಲಿಕಾನ್‌ನಿಂದ ಆದದ್ದು. ಸಾಮಾನ್ಯವಾಗಿ ಮೇಲಿನ ಪದರಕ್ಕೆ ತುಸು ರಂಜಕ, ಕೆಳಗಿನದಕ್ಕೆ ತುಸು ಬೋರಾನ್ ಬೆರೆಸಿರುತ್ತಾರೆ. ಒಳಗಿನ ಎಲೆಕ್ಟ್ರಾನ್‌ಗಳು ಗೂಟಕ್ಕೆ ಕಟ್ಟಿದ ಕರುಗಳಂತೆ. ಬೆಳಕು ಬಿದ್ದಾಗ ಹಗ್ಗ ಬಿಚ್ಚಿಕೊಳ್ಳುತ್ತದೆ. ಎರಡು ಪದರ ಕೂಡುವಲ್ಲಿ ಒಂದೇ ಕಡೆ ತೆರೆಯುವ ಗೇಟಿನಂಥ ಸೆಳೆತವಿದೆ. ಅದು ಬಿಚ್ಚಿದ ಕರುಗಳನ್ನು ಮೇಲಿನ ಪದರಕ್ಕೆ ಅಟ್ಟುತ್ತದೆ. ಕೆಳಗೆ ಮರಳಲು ಅವಕ್ಕೆ ಉಳಿದ ದಾರಿ ವೈರ್ ಒಂದೇ. ಆ ಓಟವೇ ಕರೆಂಟು. ಅದೇ ಬ್ಯಾಟರಿ ತುಂಬುತ್ತದೆ. ಪಾವಗಡದ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್‌ನಲ್ಲೂ ನಡೆಯುವುದು ಇದೇ ಕೆಲಸ.

ಒಂದು ಸೆಲ್ ಕೊಡುವುದು ಸುಮಾರು ಅರ್ಧ ವೋಲ್ಟ್. ಆದ್ದರಿಂದ 12 ವೋಲ್ಟ್ ಬ್ಯಾಟರಿಗೆ 36 ಸೆಲ್‌ಗಳನ್ನು ಸಾಲಾಗಿ ಜೋಡಿಸುತ್ತಾರೆ. ಪೈಪು ಒಂದು ಕಡೆ ಮಡಚಿದರೆ ನೀರೆಲ್ಲ ನಿಲ್ಲುವಂತೆ, ಒಂದು ಸೆಲ್ ಮೇಲೆ ನೆರಳು ಬಿದ್ದರೂ ಇಡೀ ಸಾಲು ಸೊರಗುತ್ತದೆ.

ಕಾವು ಹೆಚ್ಚಾದರೆ ಲಾಭವಿಲ್ಲ, ನಷ್ಟವೇ. ಸೆಲ್‌ನ ಬಿಸಿ 25 ಡಿಗ್ರಿ ದಾಟಿದ ಮೇಲೆ ಪ್ರತಿ ಡಿಗ್ರಿಗೆ ಶೇ. 0.4ರಷ್ಟು ಕರೆಂಟು ಕಡಿಮೆಯಾಗುತ್ತದೆ. ನಮ್ಮ ಬೇಸಿಗೆಯಲ್ಲಿ ಪ್ಲೇಟು 60 ಡಿಗ್ರಿ ಮುಟ್ಟಿದರೆ 100ಕ್ಕೆ 14 ಪಾಲು ಹೋದಂತೆ.

ನೀವು ಮಾಡಬೇಕಾದದ್ದು

1. ವಾರಕ್ಕೊಮ್ಮೆ ಬೆಳಗಿನ ತಂಪಿನಲ್ಲಿ ಮೆತ್ತನೆ ಒದ್ದೆ ಬಟ್ಟೆಯಿಂದ ಪ್ಲೇಟು ಒರೆಸಿ. ಬೂದಿ ಹಾಕಿ ತಿಕ್ಕಬೇಡಿ. ಕಾದ ಗಾಜಿಗೆ ತಣ್ಣೀರು ಸುರಿಯಬೇಡಿ, ಬಿರುಕು ಬಿಟ್ಟೀತು.
2. ಬೆಳಿಗ್ಗೆ 9ರಿಂದ ಸಂಜೆ 4ರವರೆಗೆ ನೆರಳು ಬೀಳದಂತೆ ಟೊಂಗೆ ಕಡಿಸಿ.
3. ಪ್ಲೇಟು ದಕ್ಷಿಣಕ್ಕೆ ಮುಖ ಮಾಡಿ, ಸುಮಾರು 17 ಡಿಗ್ರಿ ವಾರೆಯಾಗಿರಲಿ. ಅಡಿಯಲ್ಲಿ ಗಾಳಿ ಆಡಲು ಜಾಗ ಬಿಡಿ.
4. ಗಬ್ಬದ ದನ ಈಯುವ ದಿನ ಹತ್ತಿರ ಬಂದಾಗ, ದೀಪ ರಾತ್ರಿಯಿಡೀ ಉರಿಯುತ್ತದೆಯೇ ಎಂದು ಒಮ್ಮೆ ಪರೀಕ್ಷಿಸಿ.

ಆ ಮನೆಯಲ್ಲಿ ಪ್ಲೇಟು ಒರೆಸಿ, ಎರಡು ಟೊಂಗೆ ಕಡಿದರು. ಈಗ ದೀಪ ಬೆಳಗಿನ ಹಾಲು ಕರೆಯುವವರೆಗೂ ಉರಿಯುತ್ತದೆ. ಹಾಲಿನಲ್ಲಿ ಗರಣೆ ಬಂದರೆ, ಅಂದರೆ ಕೆಚ್ಚಲು ಬಾವಿನ ಮೊದಲ ಗುರುತು ಕಂಡರೆ, ಆ ಬೆಳಕಿನಲ್ಲೇ ತಿಳಿಯುತ್ತದೆ.