ಫೋನಿನಲ್ಲಿ ರೆಕಾರ್ಡ್ ಮಾಡಿದ್ದು ಕೋರ್ಟಿನಲ್ಲಿ ನಿಲ್ಲುತ್ತಾ?

ನಮ್ಮಲ್ಲಿ ಹಲವರು ಎನ್‌ಎಸ್‌ಎಸ್ ಕ್ಯಾಂಪಿಗೆ ಹೋಗ್ತೀವಿ, ಹತ್ತಿರದ ಶಾಲೆಯ ಮಕ್ಕಳಿಗೆ ಲೆಕ್ಕ ಹೇಳಿಕೊಡ್ತೀವಿ. ಅಲ್ಲಿ ಒಂದು ಮಗು ಬಂದು, "ಅಕ್ಕಾ, ಮನೇಲಿ ಒಬ್ಬರು ನನ್ನ ಹತ್ರ ಕೆಟ್ಟದಾಗಿ ನಡ್ಕೊಳ್ತಾರೆ" ಅಂದರೆ? ನಮ್ಮ ಕೈ ಮೊದಲು ಹೋಗೋದು ಫೋನಿನ ರೆಕಾರ್ಡರ್‌ಗೇ. ಅದು ಸರಿಯಾ? ಅದು ಸಾಕ್ಷಿ ಆಗುತ್ತಾ?

ಅಮೆರಿಕದಲ್ಲಿ ಇದಕ್ಕೆ 'ಒನ್-ಪಾರ್ಟಿ ಕನ್ಸೆಂಟ್' ಎಂಬ ನಿಯಮ ಇದೆ. ಮಾತಾಡುತ್ತಿರುವವರಲ್ಲಿ ಒಬ್ಬರು ಒಪ್ಪಿದ್ದರೆ, ಇನ್ನೊಬ್ಬರಿಗೆ ಹೇಳದೆ ರೆಕಾರ್ಡ್ ಮಾಡಬಹುದು. ಕೆಲವು ರಾಜ್ಯಗಳಲ್ಲಿ ಮಾತ್ರ ಎಲ್ಲರ ಒಪ್ಪಿಗೆ ಬೇಕು. ಆದರೆ ಐದು ವರ್ಷದ ಮಗುವಿನ ಪರವಾಗಿ ಒಪ್ಪೋರು ಯಾರು? ನ್ಯೂಯಾರ್ಕಿನಲ್ಲಿ ಒಬ್ಬ ತಂದೆ, ಬೇರೆ ವಾಸವಿದ್ದ ಮಗುವಿನ ತಾಯಿಗೆ ಕಾಲ್ ಮಾಡಿದರು. ಕಾಲ್ ಕನೆಕ್ಟ್ ಆಯ್ತು, ಯಾರೂ ಮಾತಾಡಲಿಲ್ಲ. ಆ ಕಡೆ ತಾಯಿಯ ಜೊತೆಗಿದ್ದ ವ್ಯಕ್ತಿ ಮಗುವನ್ನು ಹೊಡೀತೀನಿ ಅಂತ ಬೆದರಿಸುತ್ತಿದ್ದದ್ದು ಕೇಳಿಸಿತು. ಅದು ರೆಕಾರ್ಡ್ ಆಯ್ತು. 2016ರಲ್ಲಿ ಆ ರಾಜ್ಯದ ಅತ್ಯುನ್ನತ ಕೋರ್ಟು, ಮಗುವಿನ ಹಿತಕ್ಕೆ ಅದು ಅಗತ್ಯ ಅಂತ ನಂಬೋಕೆ ನಿಜವಾದ ಕಾರಣ ಇದ್ದರೆ ಪೋಷಕರೇ ಮಗುವಿನ ಪರವಾಗಿ ಒಪ್ಪಬಹುದು ಎಂದಿತು. ಏಳು ಜಡ್ಜ್‌ಗಳಲ್ಲಿ ಮೂವರು ಇದನ್ನು ಒಪ್ಪಲಿಲ್ಲ.

ನಮ್ಮ ದೇಶದಲ್ಲಿ ಹೇಗೆ? ಇಲ್ಲಿ ಆಧಾರ 1972ರ ಆರ್.ಎಂ. ಮಲ್ಕಾನಿ ತೀರ್ಪು. ಅದು ಲಂಚದ ಕೇಸು. ಒಬ್ಬ ಡಾಕ್ಟರ ಒಪ್ಪಿಗೆ ಪಡೆದು ಪೊಲೀಸರು ಅವರ ಫೋನ್ ಮಾತನ್ನು ರೆಕಾರ್ಡ್ ಮಾಡಿದ್ದರು. ಸುಪ್ರೀಂ ಕೋರ್ಟು ಅದನ್ನು ಸಾಕ್ಷ್ಯವಾಗಿ ಒಪ್ಪಿತು. ಷರತ್ತು ಮೂರು: ಮಾತು ಕೇಸಿಗೆ ಸಂಬಂಧಪಟ್ಟಿರಬೇಕು, ದನಿ ಯಾರದು ಅಂತ ಗುರುತಿಸಲು ಆಗಬೇಕು, ತಿದ್ದಿಲ್ಲ ಅಂತ ಸಾಬೀತಾಗಬೇಕು. ಹಾಗಂತ ಯಾರ ಮಾತನ್ನಾದ್ರೂ ಕದ್ದು ರೆಕಾರ್ಡ್ ಮಾಡೋಕೆ ಇದು ಲೈಸೆನ್ಸ್ ಅಲ್ಲ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ತೀರ್ಪು ಬಂದಿದೆ. ಆ ಕೇಸು ಹಾಕಿದ ಕೆ.ಎಸ್. ಪುಟ್ಟಸ್ವಾಮಿ ಅವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಆಗಿದ್ದರು.

ಮೂರನೇ ಷರತ್ತು ನಮಗೆ ಗೊತ್ತಿರೋ ವಿಷಯವೇ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಡಿಜಿಟಲ್ ದಾಖಲೆಯ ಜೊತೆ ಸರ್ಟಿಫಿಕೇಟ್ ಕೊಡಬೇಕು. ಅದರಲ್ಲಿ ಫೈಲಿನ ಹ್ಯಾಶ್ ಬರೆಯಬೇಕು. ಎಸ್‌ಎಚ್‌ಎ-256 ನಾವು ಕ್ಲಾಸಿನಲ್ಲಿ ಓದೋ ಅಲ್ಗಾರಿದಮ್ಮೇ. ಒಂದು ಬಿಟ್ ಬದಲಾದರೂ ಹ್ಯಾಶ್ ಬೇರೆ ಆಗುತ್ತೆ. ಆದ್ದರಿಂದ ಆಡಿಯೋ ಟ್ರಿಮ್ ಮಾಡೋದು, ನಾಯ್ಸ್ ತೆಗೆಯೋದು ಬೇಡ. ಮೂಲ ಫೈಲು, ಅದು ಇರೋ ಫೋನು ಎರಡೂ ಹಾಗೇ ಇರಲಿ.

ಈಗ ಮೊದಲ ಪ್ರಶ್ನೆಗೆ ಬರೋಣ. ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದರೆ 2012ರ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸೋದು ಕಡ್ಡಾಯ. ದೂರು ಕೊಡೋಕೆ ರೆಕಾರ್ಡಿಂಗ್ ಇರಲೇಬೇಕು ಅಂತ ಕಾಯ್ದೆ ಎಲ್ಲೂ ಹೇಳಲ್ಲ. ಒಳ್ಳೆ ಮನಸ್ಸಿನಿಂದ ತಿಳಿಸಿದವರ ಮೇಲೆ ಕೇಸು ಹಾಕೋಕೂ ಆಗಲ್ಲ. ಮಗುವಿನ ಹೇಳಿಕೆಯನ್ನು ಸಾಧ್ಯವಾದಷ್ಟೂ ಮಹಿಳಾ ಅಧಿಕಾರಿಯೇ, ಯೂನಿಫಾರ್ಮ್ ಇಲ್ಲದೆ, ಮಗುವಿನ ಮನೆಯಲ್ಲಿ ಅಥವಾ ಅದು ಬಯಸಿದ ಜಾಗದಲ್ಲಿ ಬರೆದುಕೊಳ್ಳಬೇಕು. ಆದಷ್ಟು ಮಟ್ಟಿಗೆ ಆಡಿಯೋ-ವಿಡಿಯೋ ರೆಕಾರ್ಡಿಂಗ್ ಕೂಡ ಅವರೇ ಮಾಡಿಸ್ತಾರೆ.

ನಾವು ಫೋನ್ ಹಿಡಿದು "ಯಾರು? ಎಲ್ಲಿ? ಅವನೇ ತಾನೇ?" ಅಂತ ಕೇಳುತ್ತಾ ಹೋದರೆ ಮಗು ಹೆದರುತ್ತೆ. ಉತ್ತರ ನಾವೇ ಬಾಯಿಗಿಟ್ಟ ಹಾಗೂ ಆಗುತ್ತೆ, ಆಮೇಲೆ ಎದುರು ಪಕ್ಷದ ವಕೀಲರು ಹಿಡಿಯೋದು ಅದನ್ನೇ. ಅದರ ಬದಲು ಮಗು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಳ್ಳೋಣ. ಅದರದೇ ಮಾತಿನಲ್ಲಿ, ದಿನಾಂಕ ಸಮಯ ಹಾಕಿ ಬರೆದಿಡೋಣ. ಯಾವ ಗ್ರೂಪಿಗೂ ಹಾಕೋದು ಬೇಡ. "ನೀನು ಹೇಳಿದ್ದು ಒಳ್ಳೇದಾಯ್ತು" ಅಂತ ಮಗುವಿಗೆ ಹೇಳಿ, 1098ಕ್ಕೆ ಅಥವಾ ಹತ್ತಿರದ ಠಾಣೆಗೆ ಅವತ್ತೇ ಫೋನ್ ಮಾಡೋಣ.